ಹತ್ತಕ್ಕೆ ಎಷ್ಟು

ಈ ಕಥೆಯನ್ನು ಮೊದಲು ಹೇಳಿದವರು ಕೊಪ್ಪದ ನೀಲಾಂಬಿಕೆ ಟೀಚರ್. 2008ರ ಡಿಸೆಂಬರ್ ತಿಂಗಳು, ತಾಲ್ಲೂಕಿನ ಮಕ್ಕಳ ಕಥೆ ಹೇಳುವ ಸ್ಪರ್ಧೆ ಮುಗಿದ ಸಂಜೆ. ತೀರ್ಪುಗಾರರು ನಾವು ಮೂವರು: ಷಡಕ್ಷರಿ ಮೇಷ್ಟ್ರು, ನಾಗಪ್ಪ ಮೇಷ್ಟ್ರು, ಮತ್ತೆ ನಾನು. ಅಂಕಪಟ್ಟಿಯನ್ನು ಮರುದಿನ ಹತ್ತು ಗಂಟೆಗೆ ಕೊಡಬೇಕಿತ್ತು. ನೀಲಾಂಬಿಕೆಯವರ ಶಾಲೆಯ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆವು.

“ನನ್ನ ತಮ್ಮನೂ ಅಂಕ ಕೊಡ್ತಿದ್ದ, ಕಂಪ್ಯೂಟರ್ ಆಟಗಳಿಗೆ” ಎಂದರು ನೀಲಾಂಬಿಕೆ.

“ಆಟಕ್ಕೂ ಅಂಕ ಉಂಟಾ?” ಎಂದರು ನಾಗಪ್ಪ. “ಆಡುವವರಿಗೆ ಕೊಡೋದು ಕೇಳಿದ್ದೆ.”

“ಉಂಟು ಮಾರಾಯ್ರೆ. ಪತ್ರಿಕೆಯಲ್ಲಿ ಬರ್ತಿತ್ತು.”

ತಮ್ಮನ ಹೆಸರು ಕಾಂತೇಶ್. ನರಸಿಂಹರಾಜಪುರದಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಗಂಟೆಯ ಲೆಕ್ಕದಲ್ಲಿ ಆಟಕ್ಕೆ ಕೊಡುತ್ತಿದ್ದ. ‘ಗಣಕ ಸಂಗಾತಿ’ ಎಂಬ ಮಾಸಪತ್ರಿಕೆಯಲ್ಲಿ ‘ಹತ್ತಕ್ಕೆ ಎಷ್ಟು?’ ಎಂಬ ಅಂಕಣ ಬರೆಯುತ್ತಿದ್ದ. ಅವನೊಟ್ಟಿಗೆ ಪಾಲಿಟೆಕ್ನಿಕ್ಕಿನಲ್ಲಿ ಓದಿದವಳು ಮಹಿಮಾ. ಅವಳು ಶೃಂಗೇರಿಯ ಒಂದು ಲಾಡ್ಜಿನ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಯಾತ್ರಿಕರು ಇಲ್ಲದ ಹೊತ್ತಿನಲ್ಲಿ ಅಲ್ಲಿನ ಕಂಪ್ಯೂಟರಿನಲ್ಲೇ ಎರಡು ವರ್ಷ ಕುಳಿತು ‘ಅಂಬಿಗ’ ಎಂಬ ಆಟವೊಂದನ್ನು ಮಾಡಿದಳು. ಹೊಳೆ ಏರುತ್ತಿದೆ. ದೋಣಿಯಲ್ಲಿ ಎಂಟು ಜನಕ್ಕೆ ಜಾಗ, ದಡದಲ್ಲಿ ಅದಕ್ಕಿಂತ ಹೆಚ್ಚು ಜನ. ಯಾರನ್ನು ಹತ್ತಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಆಡುವವನೇ ನಿರ್ಧರಿಸಬೇಕು. ಹನ್ನೊಂದು ಸಲ ದಾಟಿಸಿದರೆ ಆಟ ಮುಗಿಯಿತು. ಮುಕ್ಕಾಲು ಗಂಟೆ ಬೇಕು. ನಡುವೆ ನಿಲ್ಲಿಸಿ, ಆಮೇಲೆ ಅಲ್ಲಿಂದಲೇ ಮುಂದುವರಿಸಲು ಆಗುವುದಿಲ್ಲ.

ಕಾಂತೇಶ್ ಏನು ಬರೆದರೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಪ್ರತಿ ಮಾಡುವವನು. ಹಾಗಾಗಿ ಎರಡೂ ಕಡೆಯ ಕಾಗದಗಳು ಉಳಿದಿವೆ. “ಮನೆಯಲ್ಲಿ ಬೇಡ, ನಿನ್ನ ಹತ್ರ ಇರಲಿ” ಎಂದು ಅಕ್ಕನಿಗೆ ಕೊಟ್ಟಿದ್ದ. ಅವರು ಬೀರುವಿನಿಂದ ಕಟ್ಟು ತೆಗೆದು ಒಂದೊಂದಾಗಿ ಓದಿದರು.

*

ಶೃಂಗೇರಿ
9–8–2006

ಕಾಂತೇಶ್,

ಲಾಡ್ಜಿನ ಇ–ಮೇಲನ್ನು ಯಜಮಾನರೂ ತೆಗೆದು ನೋಡುತ್ತಾರೆ, ಅದಕ್ಕೆ ಕಾಗದ.

ಆಗಸ್ಟ್ ಸಂಚಿಕೆ ನಿನ್ನೆ ಬಂತು. ‘ಅಂಬಿಗ’ಕ್ಕೆ ಹತ್ತಕ್ಕೆ ಮೂರು. ಕೌಂಟರಿನಲ್ಲಿ ನಿಂತೇ ಓದಿದೆ. ಆಗ ಹಾಸನದ ಕಡೆಯವರೊಬ್ಬರು ಬಿಸಿನೀರು ಎಷ್ಟು ಗಂಟೆಗೆ ಅಂತ ಕೇಳಿದರಂತೆ, ನಾನು “ಮೂರು” ಅಂದೆನಂತೆ. ಮಧ್ಯಾಹ್ನ ಮೂರಕ್ಕೆ ಮನೆಮಂದಿಯೆಲ್ಲ ಬಕೆಟ್ ಹಿಡಿದು ಬಂದು ನಿಂತಿದ್ದರು.

ಬೇಸರ ಆಗಲಿಲ್ಲ ಅಂದರೆ ಸುಳ್ಳು. ದೋಣಿ ತಿರುಗಿಸುವುದು ಕಷ್ಟ ಎಂದು ಬರೆದಿದ್ದೀಯ. ಒಪ್ಪಿದೆ, ನನಗೆ ಅಷ್ಟೇ ಬಂದದ್ದು. ಬಣ್ಣಗಳು ಮಂಕು ಎಂದಿದ್ದೀಯ, ಅದೂ ಹೌದು. ಆದರೆ ಕೊನೆಯ ಸಾಲು ನನಗೆ ಅರ್ಥವಾಗಲಿಲ್ಲ. ‘ದಡದಲ್ಲಿ ಬಿಟ್ಟು ಬಂದವರು ಏನಾದರು ಎಂಬುದನ್ನು ಆಟ ಹೇಳುವುದೇ ಇಲ್ಲ. ಇದು ಕೊನೆಯೇ ಇಲ್ಲದ ಆಟ.’

ಒಂದೇ ಪ್ರಶ್ನೆ ಕೇಳುತ್ತೇನೆ. ಎಷ್ಟನೆಯ ಸಲದವರೆಗೆ ದಾಟಿಸಿದೆ?

ಇತಿ,
ಮಹಿಮಾ

*

ನರಸಿಂಹರಾಜಪುರ
18–8–2006

ಪ್ರಿಯ ಮಹಿಮಾ,

ನಿನ್ನ ಕಾಗದ ತಲುಪಿತು. ಆಟ ಮಾಡಿದವರ ಜೊತೆ ಅಂಕದ ಬಗ್ಗೆ ಮಾತಾಡಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ನೀನು ಬೇರೆಯವಳಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಳತೆ ನಿನಗೂ ಗೊತ್ತಿದೆ, ಅಂಕಣದ ಮೊದಲ ಕಂತಿನಲ್ಲೇ ಪ್ರಕಟಿಸಿದ್ದೆ. ನೋಟಕ್ಕೆ ಎರಡು, ಶಬ್ದಕ್ಕೆ ಒಂದು, ಕೈಹಿಡಿತಕ್ಕೆ ಮೂರು, ನಿಲ್ಲಿಸಿದಲ್ಲಿಂದ ಮುಂದುವರಿಸುವ ಅನುಕೂಲಕ್ಕೆ ಎರಡು, ಆಟದ ಕೊನೆಗೆ ಎರಡು. ನಿನಗೆ ನೋಟಕ್ಕೆ ಒಂದು, ಶಬ್ದಕ್ಕೆ ಒಂದು, ಹಿಡಿತಕ್ಕೆ ಒಂದು. ಸೇವ್ ಮಾಡಲು ಬರುವುದಿಲ್ಲವಾದ್ದರಿಂದ ಅಲ್ಲಿ ಸೊನ್ನೆ. ಕೊನೆಯ ಬಗ್ಗೆ ಅಂಕಣದಲ್ಲೇ ಬರೆದಿದ್ದೇನೆ, ಅಲ್ಲೂ ಸೊನ್ನೆ.

ಜೊತೆಯಲ್ಲಿ ಓದಿದವಳು ಎಂದು ಒಂದು ಅಂಕ ಹೆಚ್ಚು ಹಾಕಿದ್ದರೆ ನಾಳೆ ನನ್ನ ಅಂಕಕ್ಕೆ ಯಾರು ಬೆಲೆ ಕೊಡುತ್ತಾರೆ? ವಿದೇಶದಿಂದ ಬಂದ ಆಟಕ್ಕೂ ಶೃಂಗೇರಿಯ ಆಟಕ್ಕೂ ನನ್ನಲ್ಲಿ ಒಂದೇ ಅಳತೆ. ನಿನ್ನ ಆಟವನ್ನು ಬೇಕಷ್ಟು ಆಡಿಯೇ ಬರೆದಿದ್ದೇನೆ.

ಇನ್ನೊಂದು ಆಟ ಮಾಡು. ನಿನ್ನ ಕೈಯಲ್ಲಿ ಆಗುತ್ತದೆ.

ಶುಭ ಕೋರುವ,
ಕಾಂತೇಶ್

*

ಶೃಂಗೇರಿ
24–8–2006

ಕಾಂತೇಶ್,

ಬೇಕಷ್ಟು ಅಂದರೆ ಎಷ್ಟು ಮಾರಾಯ?

ನಮ್ಮ ಲಾಡ್ಜಿನ ಮೇಜಿನ ಮೇಲೆ ಎರಡು ವರ್ಷದ ‘ಗಣಕ ಸಂಗಾತಿ’ ಇದೆ. ಯಾತ್ರಿಕರು ಓದುವುದಿಲ್ಲ, ಮಕ್ಕಳು ಚಿತ್ರಗಳಿಗೆ ಮೀಸೆ ಬರೆಯುತ್ತಾರೆ. ಎಲ್ಲವನ್ನೂ ಕೂತು ನೋಡಿದೆ. ಮಾರ್ಚ್ ತಿಂಗಳ ಕಾರಿನ ಆಟದಲ್ಲೂ ಓಟದ ನಡುವೆ ನಿಲ್ಲಿಸಿ ಮುಂದುವರಿಸಲು ಆಗುವುದಿಲ್ಲ ಎಂದು ನೀನೇ ಬರೆದಿದ್ದೀಯ. ಆ ಎರಡು ಅಂಕದಲ್ಲಿ ಎರಡೂ ಕೊಟ್ಟಿದ್ದೀಯ. ಜನವರಿಯ ಕೋಟೆ ಆಟದಲ್ಲಿ ಸೇವ್ ಮಾಡಬೇಕಾದರೆ ದೀಪಸ್ತಂಭದವರೆಗೆ ವಾಪಸ್ ನಡೆಯಬೇಕಂತೆ. ಅಲ್ಲಿ ‘ಇದರಿಂದ ಆಟಕ್ಕೆ ಗಾಂಭೀರ್ಯ ಬಂದಿದೆ’ ಎಂದು ಹೊಗಳಿದ್ದೀಯ.

ಇನ್ನೊಂದು ವಿಷಯ. ಹೋದ ವರ್ಷದ ಜುಲೈಯಿಂದ ಅಕ್ಟೋಬರ್ ಸಂಚಿಕೆಗಳಲ್ಲಿ, ಈ ವರ್ಷದ ಜುಲೈ, ಆಗಸ್ಟಿನಲ್ಲೂ, ಯಾವ ಆಟವೂ ನಿನ್ನ ಕೈಯಲ್ಲಿ ಐದು ದಾಟಿಲ್ಲ. ಬೇಸಿಗೆಯಲ್ಲಿ ಎಂಟು, ಒಂಬತ್ತು. ಒಂದೇ ಅಳತೆ ಅಂದೆ. ನನಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು ಕಾಣುತ್ತಿದೆ.

ಸೇವ್ ಯಾಕೆ ಇಟ್ಟಿಲ್ಲ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೊಳೆಯ ನಡುವೆ ದೋಣಿ ನಿಲ್ಲಿಸಿ ಊಟಕ್ಕೆ ಹೋದ ಅಂಬಿಗನನ್ನು ಎಲ್ಲಾದರೂ ನೋಡಿದ್ದೀಯಾ? ಬಿಟ್ಟು ಬಂದವರನ್ನು ಬಿಟ್ಟದ್ದೇ. ತಿರುಗಿ ಹೋಗಿ ಸರಿಮಾಡಲಿಕ್ಕೆ ಆಗಬಾರದು.

ಶಿವಮೊಗ್ಗದ ಮಂಜಯ್ಯ ಎಂಬುವರು ಶಾಲೆಗಳ ಕಂಪ್ಯೂಟರ್ ಕೋಣೆಗಳಿಗೆ ಸಿ.ಡಿ. ಮಾಡಿಸಿ ಕೊಡುತ್ತಾರೆ. ‘ಅಂಬಿಗ’ವನ್ನು ಸಾವಿರ ಪ್ರತಿ ಮಾಡಿಸುತ್ತೇನೆ ಅಂದಿದ್ದರು. ಮೊನ್ನೆ ಫೋನ್ ಮಾಡಿ, “ಪತ್ರಿಕೆಯವ್ರೇ ಮೂರು ಅಂದ್ಮೇಲೆ ಮಕ್ಕಳ ಕೈಗೆ ನಾನು ಹ್ಯಾಗೆ ಕೊಡ್ಲಿ ತಾಯಿ?” ಅಂದರು.

ಆಟದ ಕೊನೆ ಏನೆಂದು ನಾನು ಹೇಳುವುದಿಲ್ಲ. ಕೊನೆ ಉಂಟು.

ಮಹಿಮಾ

*

ನರಸಿಂಹರಾಜಪುರ
27–9–2006

ಮಹಿಮಾ,

ಮೂರು ಸಲ ಬರೆದು ಹರಿದೆ, ಅದಕ್ಕೆ ತಡ.

ಏಳನೆಯ ಸಲದವರೆಗೆ.

ಜುಲೈಯಲ್ಲಿ ಇಲ್ಲಿ ಕರೆಂಟಿನ ಗತಿ ನಿನಗೆ ಗೊತ್ತಿದೆ. ಕಾಡಿನಲ್ಲಿ ಎಲ್ಲೋ ಲೈನಿನ ಮೇಲೆ ಮರ ಬೀಳುತ್ತದೆ, ಹುಡುಕಿ ಕಡಿದು ತೆಗೆಯುವಷ್ಟರಲ್ಲಿ ಇನ್ನೊಂದು. ಅಂಗಡಿಯ ಯು.ಪಿ.ಎಸ್. ಬ್ಯಾಟರಿ ಹಳೆಯದು, ನಾಲ್ಕು ನಿಮಿಷ ತಡೆಯುತ್ತದೆ. ನಿನ್ನ ಆಟವನ್ನು ಐದು ಸಲ ಶುರುಮಾಡಿದೆ. ಐದನೆಯ ಸಲ ಏಳನೆಯ ದಾಟುವಿಕೆಯಲ್ಲಿ ಇದ್ದೆ, ದೋಣಿ ಸುಳಿಯಿಂದ ಹೊರಬಂದು ದಡ ಕಾಣುತ್ತಿತ್ತು. ಪರದೆ ಆರಿತು. ಸಂಪಾದಕರಿಗೆ ಮರುದಿನ ಬರಹ ಕಳಿಸಬೇಕಿತ್ತು. ಬಾಗಿಲ ಹತ್ತಿರ ಬೆಳಕಿಗೆ ಸ್ಟೂಲ್ ಎಳೆದುಕೊಂಡು ಬರೆದೆ. ಬರೆಯುವಾಗ ನನ್ನ ಕಣ್ಣ ಮುಂದೆ ನಿನ್ನ ಆಟ ಇರಲಿಲ್ಲ, ಆರಿದ ಪರದೆ ಇತ್ತು. ಕಾರಿನ ಆಟ ಆಡಿದ್ದು ಫೆಬ್ರವರಿಯಲ್ಲಿ. ಆಗ ಕರೆಂಟು ಹೋಗಲೇ ಇಲ್ಲ, ಸೇವ್ ಇಲ್ಲದ್ದು ಕೊರತೆ ಎಂದು ತೋರಲೂ ಇಲ್ಲ.

ಕೊನೆ ನೋಡದೆಯೇ ಕೊನೆಯಿಲ್ಲ ಎಂದು ಬರೆದೆ. ಗೆಳತಿಗೂ ಬಿಗಿಯಾಗಿ ಅಂಕ ಕೊಟ್ಟೆ ಎಂದು ಒಳಗೊಳಗೇ ಹೆಮ್ಮೆ ಪಟ್ಟದ್ದಂತೂ ಹೌದು.

ಆಡಿ ಮುಗಿಸುತ್ತೇನೆ. ಆಮೇಲೆ ಏನು ಕಂಡರೂ ಬರೆಯುತ್ತೇನೆ.

ಕಾಂತೇಶ್

*

ಶೃಂಗೇರಿ
3–10–2006

ಕಾಂತೇಶ್,

ಹೇಳಿದೆಯಲ್ಲ, ಅಷ್ಟಾದರೂ ಆಯಿತು.

ಮಂಜಯ್ಯನವರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಎರಡರಲ್ಲಿ ಒಂದು ಆಗಬೇಕು. ಆಟವನ್ನು ಸರಿಯಾಗಿ ನೋಡಲಾಗಿರಲಿಲ್ಲ ಎಂದು ಪತ್ರಿಕೆಯಿಂದ ಒಂದು ಚೀಟಿ ಬಂದರೆ ಇದ್ದ ಹಾಗೆಯೇ ಹಾಕುತ್ತಾರೆ. ಇಲ್ಲವಾದರೆ ನಾನು ಸೇವ್ ಸೇರಿಸಿ ಕೊಡಬೇಕು. “ನಿಮ್ ಸ್ನೇಹಿತ್ರು ತೋರಿಸಿದ ತಪ್ಪನ್ನ ತಿದ್ಕೊಳ್ಳಿ ತಾಯಿ, ಅದ್ರಲ್ಲಿ ಅವಮಾನ ಎಂತದು?” ಅನ್ನುತ್ತಾರೆ. ಒಳ್ಳೆಯ ಮನುಷ್ಯರು, ಅದೇ ಕಷ್ಟ.

ಅಂಕ ಏರಿಸು ಅಂತ ನಾನು ಕೇಳುವುದಿಲ್ಲ. ಏರಿಸಲೂಬೇಡ. ಪೂರ್ತಿ ಆಡಿ ಮೂರೇ ಅನ್ನಿಸಿದರೆ ಮೂರೇ ಬರೆ. ಈಗ ಮಳೆ ಬಿಟ್ಟಿದೆ. ಮುಕ್ಕಾಲು ಗಂಟೆ, ಅಷ್ಟೇ.

ಮಹಿಮಾ

*

ನರಸಿಂಹರಾಜಪುರ
19–11–2006

ಮಹಿಮಾ,

ಅಕ್ಟೋಬರ್ ಕಳೆದುಹೋಯಿತೆಂದು ಗೊತ್ತಿದೆ. ಕರೆಂಟು ಸರಿಯಾಗಿಯೇ ಇತ್ತು. ಸಿ.ಡಿ. ಮೇಜಿನ ಮೇಲೆಯೇ ಇತ್ತು. ಆಡಿದರೆ ಬರೆಯಬೇಕಾಗುತ್ತದೆ ಎಂದು ಆಡಲಿಲ್ಲ. ಬೆಳಿಗ್ಗೆ ಸಂಜೆಗೆ ಅಂದೆ, ಸಂಜೆ ಭಾನುವಾರಕ್ಕೆ ಅಂದೆ. ಕಡೆಗೆ ಅಕ್ಕನಿಗೆ ಹೇಳಿದೆ. “ನಮ್ಮ ಶಾಲೆ ಲ್ಯಾಬಿಗೆ ಬಾ, ನನ್ನ ಎದುರು ಕೂತು ಆಡು” ಅಂದಳು. ಹೋದ ಭಾನುವಾರ ಕೊಪ್ಪಕ್ಕೆ ಹೋದೆ.

ಅಕ್ಕ ಪಕ್ಕದಲ್ಲೇ ಕುಳಿತಿದ್ದಳು. ಒಂಬತ್ತನೆಯ ಸಲ, “ಆ ಕೊಡೆ ಹಿಡಿದ ಅಜ್ಜನ್ನ ಹತ್ತಿಸ್ಕೊಳ್ಳೋ” ಅಂದಳು. ನಾನು ಹತ್ತಿಸಿಕೊಳ್ಳಲಿಲ್ಲ. ಅವನು ಹೆಜ್ಜೆ ಇಡುವಷ್ಟರಲ್ಲಿ ನೀರು ಒಂದು ಗೇಣು ಏರುತ್ತದೆ. ಹನ್ನೊಂದು ಮುಗಿಯಿತು. ಅಂಬಿಗ ಮನೆಗೆ ಬಂದು ಜಗಲಿಯಲ್ಲಿ ಕುಳಿತ. ಆಮೇಲೆ ನಾನು ಬಿಟ್ಟುಬಂದವರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು. ಯಾರೂ ಬೈಯಲಿಲ್ಲ. ಒಬ್ಬಳು ಸೇತುವೆ ಇರುವ ಕಡೆಗೆ ಸುತ್ತು ಹಾಕಿ ನಡೆದುಬಂದೆ ಅಂದಳು. ಇನ್ನೊಬ್ಬ, ಮಗಳ ಧಾರೆ ಮುಗಿದ ಮೇಲೆ ತಲುಪಿದೆ ಅಂದು ಎಲೆ ಅಡಿಕೆ ಕೇಳಿದ. ಅಜ್ಜ ಬರಲಿಲ್ಲ. ಅಂಬಿಗ ದಾರಿ ನೋಡುತ್ತ ಕುಳಿತೇ ಇದ್ದ. ಯಾವ ಗುಂಡಿ ಒತ್ತಿದರೂ ಅವನು ಏಳಲಿಲ್ಲ. ಅಕ್ಕ ನೀರು ಕುಡಿದು ಬರುತ್ತೇನೆ ಎಂದು ಹೋದವಳು ಬಹಳ ಹೊತ್ತು ಬರಲಿಲ್ಲ.

ಕೊನೆಗೆ ಎರಡಕ್ಕೆ ಎರಡು. ದೋಣಿ ಈಗಲೂ ಸರಿಯಾಗಿ ತಿರುಗುವುದಿಲ್ಲ, ಬಣ್ಣ ಈಗಲೂ ಮಂಕು. ಸೇವ್ ಇಲ್ಲ, ಅಲ್ಲಿ ಸೊನ್ನೆ. ಒಟ್ಟು ಐದು. ಒಂದನ್ನೂ ಏರಿಸಿಲ್ಲ.

ಆಮೇಲೆ ಉಳಿದವುಗಳನ್ನೂ ನೋಡಿದೆ. ಇದುವರೆಗೆ ಇಪ್ಪತ್ತಾರು ಆಟಗಳಿಗೆ ಅಂಕ ಕೊಟ್ಟಿದ್ದೇನೆ. ಅಂಕ ಕೊಡುವ ಮೊದಲು ಆಡಿ ಮುಗಿಸಿದ್ದು ಹನ್ನೊಂದು. ನಿನ್ನದೊಂದನ್ನೇ ತಿದ್ದಿದರೆ ಉಳಿದ ಹದಿನಾಲ್ಕು ಜನಕ್ಕೆ ಅನ್ಯಾಯ. ಪ್ರತಿಯೊಂದನ್ನೂ ಎಲ್ಲಿಯವರೆಗೆ ಆಡಿದ್ದೆ ಎಂದು ಪಟ್ಟಿ ಮಾಡಿ ಸಂಪಾದಕರಿಗೆ ಕಳಿಸಿದೆ. ಅವರು ಫೋನ್ ಮಾಡಿ, “ಹಾಕ್ತೇನೆ ಕಾಂತೇಶ್. ಆದ್ರೆ ಇದೇ ಕೊನೆ ಕಂತು, ಗೊತ್ತಾಯ್ತಲ್ಲ?” ಅಂದರು. ಡಿಸೆಂಬರ್ ಸಂಚಿಕೆಯಲ್ಲಿ ಬರುತ್ತದೆ. ಮಂಜಯ್ಯನವರಿಗೆ ತೋರಿಸು.

ಕಾಂತೇಶ್

*

ಶೃಂಗೇರಿ
28–11–2006

ಕಾಂತೇಶ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಜ್ಜನ ಭಾಗವನ್ನು ಇನ್ನೂ ಹೆಚ್ಚು ಸಲ.

ಮಂಜಯ್ಯನವರ ಸಿ.ಡಿ.ಗಳು ಹೋದ ವಾರವೇ ಬಂದವು. ನವೆಂಬರ್ ಒಂದಕ್ಕೆ ನಾನು ಸೇವ್ ಸೇರಿಸಲು ಕುಳಿತೆ. ನಾಲ್ಕು ದಿನದ ಕೆಲಸ. ಈಗ ಪ್ರತಿ ಸಲ ದೋಣಿ ಬಿಡುವ ಮೊದಲು ನಿಲ್ಲಿಸಿ ಇಟ್ಟುಕೊಳ್ಳಬಹುದು. ಒಬ್ಬರು ಉಳಿದುಹೋದರೆ ಹಿಂದೆ ಹೋಗಿ ಬೇರೆ ರೀತಿ ಹತ್ತಿಸಬಹುದು. ಇಲ್ಲಿನ ಒಂದು ಶಾಲೆಯಲ್ಲಿ ಮಕ್ಕಳು ಆಡುವುದನ್ನು ನೋಡಿದೆ. ಜಾಣ ಮಕ್ಕಳು. ನಾಲ್ಕಾರು ಸಲ ಹಿಂದೆ ಮುಂದೆ ಮಾಡಿ, ಸರಿಯಾದ ಸರದಿ ಹುಡುಕಿ, ಹನ್ನೊಂದು ಸಲದೊಳಗೆ ಎಲ್ಲರನ್ನೂ ದಾಟಿಸುತ್ತಾರೆ. ದಡದಲ್ಲಿ ಯಾರೂ ಉಳಿಯುವುದಿಲ್ಲ. ಕೊನೆಗೆ ಅಂಬಿಗ ಜಗಲಿಯಲ್ಲಿ ಕೂರುತ್ತಾನೆ, ಅಂಗಳಕ್ಕೆ ಯಾರೂ ಬರುವುದಿಲ್ಲ. ‘ಶುಭಂ’ ಅಂತ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರ್ ನನಗೂ ಕೈ ಕುಲುಕಿದರು.

ನಾನು ಹಳೆಯದರ ಮೇಲೆಯೇ ತಿದ್ದಿದ್ದೆ. ಬೇರೆ ಪ್ರತಿ ಇಟ್ಟುಕೊಳ್ಳಬೇಕು ಎಂದು ಹೊಳೆಯಲಿಲ್ಲ, ಅದು ನನ್ನ ತಪ್ಪು. ಮೊದಲಿನ ‘ಅಂಬಿಗ’ ಈಗ ನಿನ್ನ ಮೇಜಿನ ಮೇಲಿರುವುದು ಒಂದೇ. ಅದನ್ನು ವಾಪಸ್ ಕಳಿಸಬೇಡ. ನನ್ನನ್ನು ಬಿಟ್ಟರೆ ಅದನ್ನು ಕೊನೆಯವರೆಗೆ ಆಡಿದವನು ನೀನೊಬ್ಬನೇ. ನಿನ್ನಲ್ಲೇ ಇರಲಿ.

ಹೊಸದರ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅಂಕಣ ನಿಂತಿರಬಹುದು, ಅಳತೆ ನಿನ್ನಲ್ಲಿ ಇದೆಯಲ್ಲ. ಅದೇ ಅಳತೆಯಲ್ಲಿ ನೋಡಿ ಹೇಳು, ಹತ್ತಕ್ಕೆ ಎಷ್ಟು?

ಮಹಿಮಾ

*

ನರಸಿಂಹರಾಜಪುರ
21–1–2007

ಮಹಿಮಾ,

ಡಿಸೆಂಬರ್ ಸಂಚಿಕೆ ಬಂದ ಮೇಲೆ ಅಂಗಡಿಗೆ ಬರುವ ಹುಡುಗರಿಗೆ ಒಂದು ಆಟವಾಯಿತು. “ಕಾಂತೇಶಣ್ಣ, ಊಟ ಮುಗ್ಸಿದ್ರಾ, ಅರ್ಧಕ್ಕೇ ಎದ್ರಾ?” ಅನ್ನುತ್ತಾರೆ. ಅನ್ನಲಿ. ಕಮ್ಮರಡಿಯ ಒಬ್ಬ ಓದುಗರು ಮಾತ್ರ ಸಂಪಾದಕರಿಗೆ ಬರೆದರು: ಇವರು ಒಂಬತ್ತು ಕೊಟ್ಟರೆಂದು ಮಗನಿಗೆ ಒಂದು ಆಟ ತರಿಸಿ ಕೊಟ್ಟಿದ್ದೆ, ಪಟ್ಟಿ ನೋಡಿದರೆ ಇವರು ಅದನ್ನು ಆಡಿದ್ದು ಇಪ್ಪತ್ತು ನಿಮಿಷ. ಅದಕ್ಕೆ ನಾನು ಉತ್ತರ ಬರೆದಿಲ್ಲ. ಬರೆಯಬೇಕು.

ನಿನ್ನ ಹೊಸ ಆಟವನ್ನು ಹನ್ನೊಂದನೆಯ ಸಲದವರೆಗೆ ಆಡಿದೆ. ಮೂರು ದಿನದಲ್ಲಿ ಮೂರು ಸಲ ಮುಗಿಸಿದೆ, ಮೂರು ಸಲವೂ ಅಂಗಳಕ್ಕೆ ಯಾರೂ ಬರಲಿಲ್ಲ. ಅಂಕ ಹೀಗೆ. ನೋಟಕ್ಕೆ ಒಂದು, ಶಬ್ದಕ್ಕೆ ಒಂದು, ಹಿಡಿತಕ್ಕೆ ಒಂದು. ನಿಲ್ಲಿಸಿದಲ್ಲಿಂದ ಮುಂದುವರಿಸಲು ಆಗುತ್ತದೆ, ಅದಕ್ಕೆ ಎರಡು. ಕೊನೆಗೆ ಸೊನ್ನೆ.

ಐದು.

ಕೂಡಿದ್ದು ತಪ್ಪಿರಬೇಕು ಎಂದು ಎರಡನ್ನೂ ಅಕ್ಕಪಕ್ಕ ಬರೆದು ಮತ್ತೆ ಕೂಡಿದೆ. ತಪ್ಪಿಲ್ಲ. ಅದಕ್ಕೂ ಐದು, ಇದಕ್ಕೂ ಐದು. ಯಾರಿಗೂ ಹೆಚ್ಚು ಕಡಿಮೆ ಮಾಡದೆ, ಪೂರ್ತಿ ಆಡಿ, ಒಂದೇ ಅಳತೆಯಲ್ಲಿ ಕೊಟ್ಟ ಅಂಕ. ಎರಡು ವರ್ಷದಲ್ಲಿ ನಾನು ಇಷ್ಟು ಪ್ರಾಮಾಣಿಕವಾಗಿ ಅಂಕ ಕೊಟ್ಟದ್ದು ಇದೇ ಮೊದಲು. ಈ ಎರಡು ಆಟಗಳೂ ಒಂದೇ ಎಂದು ಅದು ಹೇಳುತ್ತದೆ.

ನಿನ್ನ ಆಟ ಕೆಟ್ಟದ್ದು ನನ್ನಿಂದ. ಮುಕ್ಕಾಲು ಗಂಟೆ ಕೂರಲಿಲ್ಲ, ಆಮೇಲೆ ಒಂದು ತಿಂಗಳು ಸುಮ್ಮನೆ ಕೂತೆ. ಕ್ಷಮಿಸು ಎಂದು ಬರೆಯಲು ಹೋದರೆ ಅದೂ ಒಂದು ಅಂಕ ಕೇಳಿದ ಹಾಗೆ ಆಗುತ್ತದೆ. ಬರೆಯುವುದಿಲ್ಲ.

ಇನ್ನೊಂದು ಆಟ ಮಾಡು ಎಂದು ಆಗಸ್ಟಿನಲ್ಲಿ ಬರೆದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮಾಡುವುದು ಬಿಡುವುದು ನಿನಗೆ ಸೇರಿದ್ದು.

ಕಾಂತೇಶ್

*

ನೀಲಾಂಬಿಕೆ ಕಾಗದಗಳನ್ನು ಮಡಿಸಿ ದಾರ ಸುತ್ತಿದರು.

“ಆ ಹುಡುಗಿ ಉತ್ತರ ಬರೀಲಿಲ್ವಾ?” ಎಂದು ಕೇಳಿದರು ನಾಗಪ್ಪ.

“ಇಲ್ಲ. ಲಾಡ್ಜಿನಲ್ಲೇ ಇದ್ದಾಳೆ. ಹೊಸ ಆಟ ಮಾಡಿಲ್ಲ.”

“ಕೂಡಿದ್ದು ಸರಿಯೇ ಉಂಟಲ್ಲ, ಐದು?”

“ಸರಿ ಉಂಟು ಮಾರಾಯ್ರೆ. ಅವನೂ ಅದನ್ನೇ ಹೇಳೋದು.”

ಷಡಕ್ಷರಿ ಮೇಷ್ಟ್ರು ಚಹಾದ ಲೋಟ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ಆರೂವರೆಗೆ ಅವರು ನನ್ನ ಮನೆಯ ಬಾಗಿಲಲ್ಲಿದ್ದರು. “ನಿನ್ನೆ ಏಳನೇ ಹುಡುಗಿ ಕಥೆ ಹೇಳುವಾಗ ನಾನು ಫೋನ್ ಬಂತು ಅಂತ ಹೊರಗೆ ಹೋಗಿದ್ದೆ. ವಾಪಸ್ ಬಂದಾಗ ಚಪ್ಪಾಳೆ ಹೊಡೀತಿದ್ರು. ಆರು ಹಾಕಿದೆ” ಎಂದರು. ಹುಡುಗಿಯ ಹೆಸರು ಶ್ವೇತ, ಕಮ್ಮರಡಿಯವಳು. ನಾಗಪ್ಪನವರನ್ನು ಅವರ ಮನೆಯಿಂದ ಎಬ್ಬಿಸಿಕೊಂಡು ಮೊದಲ ಬಸ್ಸಿಗೆ ಹೋದೆವು. ಅವಳು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅವಳ ತಾಯಿ ಮೂರು ಜನ ಮೇಷ್ಟ್ರುಗಳನ್ನು ಒಟ್ಟಿಗೆ ನೋಡಿ ಗಾಬರಿಯಾಗಿ ಬಾಚಣಿಗೆ ಹಿಡಿದೇ ನಿಂತರು. ವಿಷಯ ಹೇಳಿದೆವು.

“ಮತ್ತೆ ಹೇಳಿದ್ರೆ ಫಸ್ಟ್ ಬರ್ತದಾ ಸರ್?” ಎಂದು ಕೇಳಿದಳು ಶ್ವೇತ.

“ಗೊತ್ತಿಲ್ಲ ಮಗ. ನಾನು ಕೇಳಿರ್ಲಿಲ್ಲ, ಅದಕ್ಕೆ ಬಂದೆ” ಎಂದರು ಷಡಕ್ಷರಿ.

ಅರ್ಧ ಹೆಣೆದ ಜಡೆಯಲ್ಲೇ ನಿಂತು ಅವಳು ಕಥೆ ಹೇಳಿದಳು. ನಡುವೆ ಮರೆತಳು. ನಾವು ಕಾದೆವು. ಬಿಟ್ಟಲ್ಲಿಂದ ಹಿಡಿದು ಮುಗಿಸಿದಳು. ಷಡಕ್ಷರಿ ಮೇಷ್ಟ್ರು ಜಗಲಿಯ ಮೇಲೆ ಪಟ್ಟಿ ಹರಡಿ, ಅವಳ ಎದುರಿಗೇ ಆರನ್ನು ಹೊಡೆದುಹಾಕಿ ನಾಲ್ಕು ಬರೆದು, ಪಕ್ಕದಲ್ಲಿ ಸಹಿ ಹಾಕಿದರು.